ಹರಳೆಣ್ಣೆ ಕುಡಿದ ಮೋಟಾರ್ ಸೈಕಲ್

ಈಗ ಮೆಕ್ಯಾನಿಕ್ ಕೆಲಸಕ್ಕೆ ಸೇರುವ ಹುಡುಗರು ಆಗಾಗ ನನ್ನ ಹತ್ತಿರ ಬಂದು ಕೂರುತ್ತಾರೆ. ಮೊಬೈಲಿನಲ್ಲಿ ನೋಡಿದ್ದು ಸಾಲದು ಎನಿಸಿದಾಗ ಈ ಮುದುಕನ ನೆನಪಾಗುತ್ತದೆ. "ತಾತ, ವರ್ಷಗಟ್ಲೆ ಮೂಲೇಲಿ ನಿಂತಿರೋ ಗಾಡಿ ಬಂದ್ರೆ ಮೊದ್ಲು ಏನು ಬಿಚ್ಬೇಕು?" ಎಂದು ಕೇಳುತ್ತಾರೆ. ಮೊದಲು ನಿನ್ನ ಬಾಯಿ ಬಿಚ್ಚಬೇಕು ಕಣಯ್ಯಾ ಎನ್ನುತ್ತೇನೆ. ಆ ಗಾಡಿ ನಿಂತಿದ್ದ ಮನೆಯವರನ್ನು ಕೂರಿಸಿಕೊಂಡು, ಇಷ್ಟು ವರ್ಷ ಇದಕ್ಕೆ ಏನೇನು ಮಾಡಿದಿರಿ ತಾಯಿ ಎಂದು ಕೇಳಬೇಕು. ಹುಡುಗರು ನಗುತ್ತಾರೆ. ನಗಲಿ ಬಿಡಿ, ನಾವೂ ಆ ವಯಸ್ಸಿನಲ್ಲಿ ಹಾಗೇ ಹಲ್ಲು ಕಿರಿಯುತ್ತಿದ್ದೆವು.

ನಾನು ನಂಜುಂಡ, ಹೊಸಕೆರೆಹಳ್ಳಿಯವನು. ಜಯನಗರದಲ್ಲಿ ಗಫೂರ್ ಸಾಬರ ಶೆಡ್ಡಿನಲ್ಲಿ ಕೆಲಸ ಕಲಿತು, ಅಲ್ಲೇ ಮೆಕ್ಯಾನಿಕ್ ಆಗಿ, ಸಾಬರ ತರುವಾಯ ಆ ಶೆಡ್ಡನ್ನು ನಾನೇ ನಡೆಸಿ, ಮೊಣಕಾಲು ಇನ್ನು ಸಾಕಪ್ಪಾ ಎಂದ ಮೇಲೆ ಬಿಟ್ಟವನು. ಈಗ ಹೇಳಹೊರಟಿರುವುದು ಐವತ್ತರ ದಶಕದ ಕೊನೆಯ ಮಾತು. ಆಗ ಜಯನಗರವೆಂದರೆ ಒಂದು ಮನೆ, ಪಕ್ಕದಲ್ಲಿ ಎರಡು ಪಾಯ, ಅದರಾಚೆ ಹುರುಳಿ ಹೊಲ. ನಮ್ಮ ಶೆಡ್ಡಿನ ಹಿಂದೆ ಎಮ್ಮೆ ಮೇಯುತ್ತಿದ್ದವು. ಸ್ಕ್ರೂ ಕೆಳಗೆ ಬಿದ್ದರೆ ಹುಲ್ಲಿನಲ್ಲಿ ಹುಡುಕಬೇಕಿತ್ತು.

ಸಾಬರ ವಿಷಯ ಹೇಳದೆ ಮುಂದಕ್ಕೆ ಹೋದರೆ ಅವರು ಮೇಲಿನಿಂದಲೇ ಸ್ಪ್ಯಾನರ್ ಎಸೆದಾರು. ಗಿಡ್ಡನೆಯ ಆಳು, ಮೆಹಂದಿ ಹಾಕಿದ ಗಡ್ಡ, ಕೋಪ ಮೂಗಿನ ತುದಿಯಲ್ಲಿ. ತೊಳೆಯದ ಗಾಡಿಯನ್ನು ಮುಟ್ಟಗೊಡುತ್ತಿರಲಿಲ್ಲ. "ಮೊದ್ಲು ಸ್ನಾನ ಮಾಡ್ಸು, ಆಮೇಲೆ ನಾಡಿ ಹಿಡಿ" ಎನ್ನುವರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುವರು. ಆಗ ಯಾರಾದರೂ ಕೆಮ್ಮಿದರೆ ಮುಗೀತು. ಈಗಿನವರು ಗಾಡಿಗೆ ವಯರು ಚುಚ್ಚಿ ಪರದೆಯ ಮೇಲೆ ಕಾಯಿಲೆ ಓದುತ್ತಾರೆ, ಒಳ್ಳೆಯದೇ. ನಮಗೆ ಇದ್ದದ್ದು ಕಿವಿ, ಮೂಗು, ಉಗುರು. ಕರೆಂಟ್ ಬರುತ್ತದೋ ಇಲ್ಲವೋ ನೋಡಲು ಪ್ಲಗ್ಗಿನ ವಯರನ್ನು ಬೆರಳಿನಲ್ಲಿ ಹಿಡಿದು ಕಿಕ್ ಹೊಡೆಯುತ್ತಿದ್ದೆವು. ಎಗರಿ ಬಿದ್ದರೆ ಕರೆಂಟ್ ಇದೆ ಎಂದರ್ಥ.

ನಿಂತ ಗಾಡಿಗಳು ನಮಗೆ ಹೊಸದಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಇಂಗ್ಲಿಷ್ ಗಾಡಿಗಳನ್ನು ಊರಿನವರು ಹುರುಪಿನಲ್ಲಿ ಕೊಂಡು, ಹುರುಪು ಇಳಿದ ಮೇಲೆ ಕೊಟ್ಟಿಗೆಗೆ ನೂಕಿರುತ್ತಿದ್ದರು. ಒಮ್ಮೆ ಬನಶಂಕರಿ ಗುಡಿಯ ಕಡೆಯಿಂದ ರಿಟೈರ್ಡ್ ಹೆಡ್‌ಮಾಸ್ಟರೊಬ್ಬರು ಅಂಥದ್ದೊಂದನ್ನು ತಳ್ಳಿಸಿಕೊಂಡು ಬಂದರು. ನಾನು ತೊಳೆದೆ, ಪ್ಲಗ್ ಹಾಕಿದೆ, ಕಿಕ್ ಹೊಡೆದೆ. ಎಂಜಿನ್ ಮಾತಾಡಲಿಲ್ಲ, ಸೈಲೆನ್ಸರಿನ ಒಳಗಿನಿಂದ ಬೇರೆ ಯಾರೋ ಮಾತಾಡಿದರು. ಮತ್ತೊಂದು ಕಿಕ್ಕಿಗೆ ಕಣಜದ ಹುಳುಗಳ ಹಿಂಡೇ ಹೊರಕ್ಕೆ ಬಂತು. ಹೆಡ್‌ಮಾಸ್ಟರು ಪಂಚೆ ಎತ್ತಿಕೊಂಡು ಓಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಾಬರು ಮಾತ್ರ ನಗಲಿಲ್ಲ. "ಹುಳಾ ಇದೆಯಾ ಅಂತ ಅವ್ರನ್ನ ಕೇಳಿದ್ಯಾ?" ಎಂದರು. ಅವರಿಗೆ ಹೇಗೆ ಗೊತ್ತಿರುತ್ತೆ ಸಾಬ್ರೇ ಅಂದೆ. "ಕೇಳದೆ ನಿಂಗೆ ಹೇಗೆ ಗೊತ್ತು, ಅವ್ರಿಗೆ ಗೊತ್ತಿಲ್ಲ ಅಂತ?" ಅಂದರು. ಮಜಾ ಏನೆಂದರೆ, ಇಷ್ಟು ಚೆನ್ನಾಗಿ ಪಾಠ ಹೇಳಿದವರೇ ಉತ್ತರಹಳ್ಳಿಯ ಗಾಡಿ ಬಂದಾಗ ಯಾರನ್ನೂ ಏನೂ ಕೇಳಲಿಲ್ಲ.

ಆ ಗಾಡಿ ಬಂದದ್ದು ದಸರಾ ಕಳೆದ ಮೇಲೆ, ಎತ್ತಿನ ಗಾಡಿಯ ಮೇಲೆ ಮಲಗಿಕೊಂಡು. ಅದಕ್ಕೆ ಸೈಡ್‌ಕಾರ್ ಬೇರೆ ಇತ್ತು. ಮೋಟಾರ್ ಸೈಕಲ್ಲಿನ ಎಡಕ್ಕೆ ಒಂದೇ ಚಕ್ರದ ಮೇಲೆ ಕೂರುವ ಆ ದೋಣಿಯಂಥ ಆಸನವನ್ನು ನಮ್ಮ ಕಡೆ ತೊಟ್ಟಿಲು ಎನ್ನುತ್ತಿದ್ದರು. ಎತ್ತಿನ ಗಾಡಿಯ ಪಕ್ಕದಲ್ಲಿ ಬಿಳಿ ಸೀರೆ ಉಟ್ಟು, ಕಪ್ಪು ಚೀಲ ಹಿಡಿದು ನಡೆದು ಬಂದವರು ಪಾರ್ವತಮ್ಮ. ಉತ್ತರಹಳ್ಳಿಯ ಸರ್ಕಾರಿ ನರ್ಸು. ಸುತ್ತಲ ಹಳ್ಳಿಗಳ ಹೆರಿಗೆಗಳೆಲ್ಲ ಅವರ ಕೈಯಲ್ಲೇ ಆಗಬೇಕು. ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಿದ್ದರು. ಹಿಂದಿನಿಂದ ಕೊಡೆ ಹಿಡಿದು ಬಂದವರು ಅವರ ಯಜಮಾನರು ರುದ್ರಪ್ಪ, ಉತ್ತರಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಇರುವೆಗೂ ಸ್ವಲ್ಪ ಜರುಗಪ್ಪಾ ಎನ್ನುವಂಥ ಮನುಷ್ಯ.

"ಸಾಬ್ರೇ, ಇದು ನಮ್ಮ ಮಾವನೋರ ಗಾಡಿ. ಅವರು ಹೋದ ಮೇಲೆ ಯಾರೂ ಮುಟ್ಟಿಲ್ಲ. ಈಗ ಓಡ್ಬೇಕು" ಎಂದರು ನರ್ಸಮ್ಮ.

ಸಾಬರು ಒಂದು ಸುತ್ತು ಹಾಕಿದರು. ಕಿಕ್ಕಿನ ಮೇಲೆ ಹತ್ತಿ ನಿಂತರು. ಜಪ್ಪಯ್ಯ ಅಂದರೂ ಅದು ಕೆಳಗಿಳಿಯಲಿಲ್ಲ. "ಅಮ್ಮಾ, ಇದು ಸತ್ತೋಗಿದೆ" ಎಂದರು.

"ಸತ್ತಿದೆಯೋ ಉಸಿರಿದೆಯೋ ಅಂತ ನೋಡೋದು ನನ್ನ ಕಸುಬೂ ಹೌದು ಸಾಬ್ರೇ. ಕೈಯಿಟ್ಟು ನೋಡದೆ ಹೇಳ್ಬೇಡಿ."

ಸಾಬರಿಗೆ ಎದುರು ಮಾತಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಿಳಿಪಿಳಿ ನೋಡುತ್ತಾ ನಿಂತಿದ್ದೆ. ನರ್ಸಮ್ಮ ನನ್ನ ಕಡೆ ತಿರುಗಿದರು.

"ನೀನು ಜಯಮ್ಮನ ತಮ್ಮ ಅಲ್ವೇನೋ? ನಿಮ್ಮಕ್ಕಂಗೆ ದೀಪಾವಳಿ ಕಳೆದ ಮೇಲೆ ದಿನ ತುಂಬುತ್ತೆ. ಎರಡು ಸಲಾನೂ ನಾನು ಎತ್ತಿನ ಗಾಡೀಲಿ ಕೂತು ಹೋದೆ. ಎರಡು ಸಲಾನೂ ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮೂರನೇ ಸಲ ತಡವಾಗಿ ಹೋಗಲ್ಲ ನಾನು. ಗೊತ್ತಾಯ್ತಾ?"

ಗೊತ್ತಾಯಿತು. ನನಗೆ ಗೊತ್ತಾದಷ್ಟು ಇನ್ಯಾರಿಗೂ ಆಗುವ ಹಾಗಿರಲಿಲ್ಲ. ಜಯಮ್ಮ ನನ್ನ ಒಬ್ಬಳೇ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನಗೆ ಮುದ್ದೆ ಮುರಿದು ಬಾಯಿಗಿಟ್ಟು ಬೆಳೆಸಿದವಳು. ಅವಳನ್ನು ಕೊಟ್ಟದ್ದು ವಸಂತಪುರ ದಾಟಿ, ಕನಕಪುರ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಹಳ್ಳಿಗೆ. ಎರಡು ಕೂಸುಗಳನ್ನು ಹೆತ್ತು, ಒಂದರ ಅಳುವನ್ನೂ ಕೇಳದವಳು. ತವರಿನಲ್ಲಿ ಬಾಣಂತನ ಮಾಡಲು ತಾಯಿಯೂ ಇಲ್ಲ. ಎರಡನೆಯ ಸಲ ನಾನು ನೋಡಲು ಹೋದಾಗ ಅವಳು ಅಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿ, "ಊಟ ಮಾಡ್ಕೊಂಡು ಹೋಗೋ" ಎಂದಳು. ಆ ಮಾತು ನನ್ನ ಎದೆಯಲ್ಲಿ ಹಾಗೇ ಕೂತಿತ್ತು.

ಸಾಬರಿಗೂ ಈ ವಿಷಯ ಗೊತ್ತಿತ್ತು. ಬೈದುಕೊಂಡೇ ಗಾಡಿ ಇಳಿಸಿಕೊಂಡರು. "ಸ್ನಾನ ಮಾಡ್ಸೋ" ಅಂದರು.

ಸ್ನಾನ ಮಾಡಿಸಿದೆ. ತೊಟ್ಟಿಲಿನ ಸೀಟಿನೊಳಗೆ ಇಲಿಯೊಂದು ಮನೆ ಮಾಡಿ, ಮಕ್ಕಳು ಮರಿ ಬೆಳೆಸಿ, ಕಡಲೆಕಾಯಿ ಸಿಪ್ಪೆ ಬಿಟ್ಟು ಹೋಗಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ವಿಭೂತಿ ಪದರ ಪದರವಾಗಿ ಗಟ್ಟಿ ಕಟ್ಟಿತ್ತು. ರುದ್ರಪ್ಪನವರ ಮನೆಯವರು ಶಿವಭಕ್ತರು, ಹಬ್ಬ ಬಂದಾಗಲೆಲ್ಲ ಗಾಡಿಗೂ ವಿಭೂತಿ ಇಟ್ಟಿದ್ದಾರೆ ಎಂದುಕೊಂಡು ಕೆರೆದು ತೆಗೆದೆ. ಅದರ ಮೇಲೆ ಹೆಚ್ಚು ಯೋಚನೆ ಮಾಡಲಿಲ್ಲ. ಟ್ಯಾಂಕಿನೊಳಗೆ ಜಲ್ಲಿ ಮತ್ತು ಸೀಮೆಎಣ್ಣೆ ಹಾಕಿ, ನಾನೂ ರುದ್ರಪ್ಪನವರೂ ಎರಡು ಕಡೆ ಹಿಡಿದು ಜೋಳಿಗೆಯಂತೆ ತೂಗಿದೆವು. ತುಕ್ಕೆಲ್ಲ ಕೆಂಪು ನೀರಾಗಿ ಬಂತು. ಪ್ಲಗ್ಗಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಬಿಚ್ಚಿ ಬಿಸಿಲಿಗೆ ಹಪ್ಪಳದ ಜೊತೆ ಒಣಗಿಸಿದೆ. ಎದುರುಮನೆಯವರು ಹಪ್ಪಳ ಹಾಕಿದ್ದ ಮಂಚದ ಮೇಲೆ ಅವರ ಅಪ್ಪಣೆ ಕೇಳಿಯೇ ಇಟ್ಟಿದ್ದೆ, ಹಾಗೇನಿಲ್ಲ.

ಇದೆಲ್ಲ ಸಲೀಸಾಗಿ ಆಯಿತು. ಎಂಜಿನ್ ಮಾತ್ರ ಕ್ಯಾರೇ ಅನ್ನಲಿಲ್ಲ.

"ತುಕ್ಕು" ಎಂದರು ಸಾಬರು. "ಒಳಗೆ ಪಿಸ್ಟನ್ನು ತುಕ್ಕು ಹಿಡಿದು ಗೋಡೆಗೆ ಅಂಟಿದೆ. ಸೀಮೆಎಣ್ಣೆ ಹುಯ್ಯಿ. ನೆನೀಲಿ."

ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಹುಯ್ದೆ. ದಿನಾ ಬೆಳಿಗ್ಗೆ ಗಾಡಿಯನ್ನು ಗೇರಿಗೆ ಹಾಕಿ, ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುವುದು. ಬಂಡೆ ಅಲ್ಲಾಡಿಸಿದ ಹಾಗೆ. ಮತ್ತಷ್ಟು ಹುಯ್ದೆ. ದೀಪಾವಳಿ ಹತ್ತಿರ ಬರುತ್ತಿತ್ತು. ನನಗೆ ರಾತ್ರಿ ನಿದ್ದೆ ಬಿಟ್ಟಿತು. ಕೊನೆಗೆ ಸಾಬರು ಎಂಜಿನ್ನಿನ ತಲೆ ಬಿಚ್ಚಿಸಿದರು. ಒಳಗೆ ನೋಡಿದರೆ ತುಕ್ಕಿನ ಕೆಂಪು ಎಲ್ಲೂ ಇಲ್ಲ! ಸಿಲಿಂಡರಿನ ಗೋಡೆಗೆಲ್ಲ ಬೆಲ್ಲದ ಪಾಕ ಬಳಿದು ಆರಿಸಿದಂತೆ ಹೊಳೆಯುವ ಕಂದು ಪದರ. ಸೀಮೆಎಣ್ಣೆ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ನಿಂತಿತ್ತು. ಉಗುರಿನಲ್ಲಿ ಕೆರೆದೆ, ಜಿಗುಟು.

"ಸಾಬ್ರೇ, ಇದು ತುಕ್ಕಲ್ಲ" ಅಂದೆ.

"ತುಕ್ಕೇ. ಇಂಗ್ಲಿಷ್ ಗಾಡಿ ಅಲ್ವಾ, ತುಕ್ಕೂ ಬೇರೆ ಬಣ್ಣ ಇರುತ್ತೆ" ಎಂದರು. ಸೋಲು ಒಪ್ಪಿಕೊಳ್ಳುವ ಜಾಯಮಾನ ಅಲ್ಲವೇ ಅಲ್ಲ ಅವರದು. ಮರದ ತುಂಡಿಟ್ಟು ಪಿಸ್ಟನ್ ಮೇಲೆ ಸುತ್ತಿಗೆಯಲ್ಲಿ ಹೊಡೆಯುವುದೊಂದೇ ದಾರಿ ಎಂದು ಸುತ್ತಿಗೆ ಎತ್ತಿಕೊಂಡರು. ಹೊಡೆದು ಪಿಸ್ಟನ್ ಸೀಳಿದರೆ ಅಂಥದ್ದು ಮತ್ತೆ ಸಿಗುವುದೆಲ್ಲಿ?

ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಬಾಗಿಲಲ್ಲಿ ಒಂದು ಮುದುಕಿ ಬಂದು ನಿಂತಿತು. ಹಣೆ ತುಂಬ ವಿಭೂತಿ, ಕೈಯಲ್ಲಿ ರೊಟ್ಟಿಯ ಗಂಟು. ಹಿಂದೆ ರುದ್ರಪ್ಪ. ಅವರ ತಾಯಿ ಬಸಮ್ಮನವರು. ತಮ್ಮ ಯಜಮಾನರ ಗಾಡಿಗೆ ಇವರು ಏನು ಮಾಡುತ್ತಿದ್ದಾರೋ ನೋಡಿಕೊಂಡು ಬರೋಣ ಎಂದು ಬಂದಿದ್ದರು. ಮೂಗೆಳೆದು ಸುತ್ತ ವಾಸನೆ ನೋಡಿದರು.

"ಏನಪ್ಪಾ ಇದು, ಸೀಮೆಎಣ್ಣೆ ಕುಡಿಸ್ತಿದೀರಾ ಅದಕ್ಕೆ?"

"ಹೌದು ಅಜ್ಜಿ, ಬಿಗಿದುಕೊಂಡಿದೆ" ಅಂದೆ.

"ಬಿಗೀದೆ ಏನು ಮಾಡುತ್ತೆ! ವರ್ಷಾ ವರ್ಷಾ ದೀಪಾವಳೀಲಿ ನಾನು ಮನೆ ಮಕ್ಕಳಿಗೆಲ್ಲ ಎಣ್ಣೆ ಒತ್ತಿ, ಇದಕ್ಕೂ ಒಳ್ಳೆ ಗಾಣದ ಹರಳೆಣ್ಣೆ ಹಾಕಿ ಸಾಕಿದೀನಿ. ನೀವು ದೀಪದ ಬುಡ್ಡಿಗೆ ಹಾಕೋದನ್ನ ಹಾಕ್ತಿದೀರಲ್ಲಪ್ಪಾ!"

ಸಾಬರ ಕೈಯಲ್ಲಿದ್ದ ಸುತ್ತಿಗೆ ಮೆಲ್ಲಗೆ ಕೆಳಗಿಳಿಯಿತು. "ಎಲ್ಲಿ ಹಾಕ್ತಿದ್ರಿ ಅಮ್ಮಾ?" ಎಂದು ಕೇಳಿದರು. ಬಂದ ದಿನವೇ ಕೇಳಬೇಕಿದ್ದ ಮಾತು.

ಬಸಮ್ಮ ಬಿಚ್ಚಿಟ್ಟಿದ್ದ ಎಂಜಿನ್ ತಲೆಯಲ್ಲಿ ನೇರ ಪ್ಲಗ್ಗಿನ ತೂತನ್ನು ತೋರಿಸಿದರು. ಯಜಮಾನರು ಗಾಡಿಯನ್ನು ಕೆಲದಿನ ನಿಲ್ಲಿಸುವುದಿದ್ದರೆ ಅಲ್ಲಿಗೆ ಒಂದು ಚಮಚ ಎಣ್ಣೆ ಬಿಡುತ್ತಿದ್ದುದನ್ನು ಅವರು ನೋಡಿದ್ದರು. ಕಾಯಿಲೆ ಬಿದ್ದಾಗಲೂ ಆತ, "ಗಾಡಿ ನೋಡ್ಕೊಳ್ಳೇ" ಎಂದಿದ್ದರಂತೆ. ಅವರು ಹೋದ ಮೇಲೆ ಬಸಮ್ಮ ಅವರ ಡಬ್ಬಿಯಿಂದ ಅದೇ ಸ್ಪ್ಯಾನರ್ ತೆಗೆದು, ಅದೇ ನಟ್ಟು ಬಿಚ್ಚಿ, ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟಿದ್ದಾರೆ. ಒಂದು ಚಮಚ ಏಕೆ ಎಂದು ಒಂದು ಬಟ್ಟಲು.

"ಹರಳೆಣ್ಣೆ ಯಾಕಜ್ಜಿ?" ಎಂದೆ.

"ಅಯ್ಯೋ, ಇವನೊಬ್ಬ! ಯಜಮಾನ್ರು ದಿನಾ ಬೆಳಗಾದ್ರೆ ಗಾಡಿ ಬಲೇ ಹೀಟು, ಬಲೇ ಹೀಟು ಅಂತಿದ್ರು. ಹೀಟಾದ್ರೆ ಹರಳೆಣ್ಣೆ ಅಲ್ದೆ ಇನ್ನೇನು ಹಾಕ್ತಾರೆ? ನಿಮ್ಮನೇಲಿ ನಿಂಗೆ ನೆತ್ತಿಗೆ ಹಾಕಿಲ್ವಾ?"

ಹಾಕಿದ್ದರು, ಪ್ರತಿ ಶನಿವಾರ ಅಕ್ಕನೇ ತಟ್ಟುತ್ತಿದ್ದಳು. ಸಾಬರು ಮುಖ ಆಚೆ ತಿರುಗಿಸಿಕೊಂಡರು, ಗಡ್ಡ ಅಲ್ಲಾಡುತ್ತಿತ್ತು. ಅವರು ನಗುವುದನ್ನು ಅವತ್ತೇ ಮೊದಲು ಕಂಡದ್ದು. ಬಸಮ್ಮನವರ ಮುಖ ಮಾತ್ರ ಸಣ್ಣಗಾಯಿತು. "ಯಾಕಪ್ಪಾ, ನಾನೇ ಕೆಡಿಸಿಬಿಟ್ಟೆನಾ?" ಎಂದು ಕೇಳಿದರು.

"ಕೆಡ್ಸಿಲ್ಲ ಅಮ್ಮಾ" ಎಂದರು ಸಾಬರು. ಅವರನ್ನು ಕರೆದು ಸಿಲಿಂಡರಿನೊಳಗೆ ತೋರಿಸಿದರು. "ನೋಡಿ, ಒಂದು ಚುಕ್ಕೆ ತುಕ್ಕಿಲ್ಲ. ಬೇರೆ ಯಾರ ಮನೇಲಿದ್ರೂ ಇಷ್ಟೊತ್ತಿಗೆ ಗುಜರಿ ಆಗಿರೋದು. ಆದ್ರೆ ಈಗ ನಿಮ್ಮ ಎಣ್ಣೆ ಇಳಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ." ಅಬ್ಬಾ! ಗಫೂರ್ ಸಾಬರ ಬಾಯಲ್ಲಿ 'ಗೊತ್ತಿಲ್ಲ'.

ಸಂಜೆ ವಿಷಯ ತಿಳಿದ ನರ್ಸಮ್ಮ ಮಾರನೆಯ ದಿನ ಬೆಳಿಗ್ಗೆಯೇ ಬಂದರು. ಆಸ್ಪತ್ರೆಯಲ್ಲಿ ಅವರು ಹರಳೆಣ್ಣೆಯ ಬಾಟಲಿಗಳ ಜೊತೆ ದಿನಾ ಗುದ್ದಾಡುವವರು. "ಬಾಟ್ಲಿ ತಳದಲ್ಲಿ ಗಟ್ಟಿಯಾದ್ರೆ ಸೀಮೆಎಣ್ಣೆಗೆ ಬಗ್ಗಲ್ಲ ಸಾಬ್ರೇ, ಅವೆರಡಕ್ಕೂ ಆಗ್ಬರಲ್ಲ. ಸ್ಪಿರಿಟ್ ಹಾಕಿ" ಎಂದರು. ಪಕ್ಕದ ಬೀದಿಯಲ್ಲಿ ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನ ಹತ್ತಿರ ಸ್ಪಿರಿಟ್ ತಂದು ಹುಯ್ದೆವು. ಶೆಡ್ಡೆಲ್ಲ ಘಮ್ಮೆಂದಿತು. ದಾರಿಯಲ್ಲಿ ಹೋಗುತ್ತಿದ್ದ ಬೀಟ್ ಪೊಲೀಸಿನವರು ಒಳಗೆ ಇಣುಕಿ, ಮೂಗು ಅರಳಿಸಿ, "ಏನ್ ಸಾಬ್ರೇ, ಬೆಳಿಗ್ಗೇನೇ ಶುರುನಾ?" ಎಂದರು. ಐದು ಹೊತ್ತು ನಮಾಜು ಮಾಡುವ, ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಬೇಡವೆನ್ನುವ ಮನುಷ್ಯ ಸಾಬರು. "ಕುಡಿದಿರೋದು ಗಾಡಿ, ನಾನಲ್ಲ!" ಎಂದು ಕೂಗಿದ್ದು ಅರ್ಧ ಜಯನಗರಕ್ಕೆ ಕೇಳಿಸಿತು.

ಒಂದು ದಿನ ನೆನೆಯಲು ಬಿಟ್ಟು, ಮಾರನೆಯ ಬೆಳಿಗ್ಗೆ ಗೇರಿಗೆ ಹಾಕಿ ಅಲ್ಲಾಡಿಸಿದೆ. ಚಕ್ರ ಕೂದಲೆಳೆಯಷ್ಟು ಜಾರಿತು. ಇನ್ನೊಮ್ಮೆ ಅಲ್ಲಾಡಿಸಿದೆ, ಟಕ್ ಎಂದಿತು, ಪಿಸ್ಟನ್ ಕೆಳಗಿಳಿಯಿತು. ನಾನು ಕಿರುಚಿದ ರಭಸಕ್ಕೆ ಹಿಂದೆ ಮೇಯುತ್ತಿದ್ದ ಎಮ್ಮೆಗಳು ದಿಕ್ಕಾಪಾಲಾದವು. ಆಮೇಲೆ ಎಲ್ಲ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ರಿಂಗು ಹಾಕಿ, ಜೋಡಿಸಿ, ಹೊಸ ಟೈರು ಏರಿಸಿ, ಕಿಕ್ ಹೊಡೆದಾಗ ಗಾಡಿ ಹೊತ್ತಿಕೊಂಡಿತು ನೋಡಿ! ಸೈಲೆನ್ಸರಿನ ಸಂದುಗೊಂದಿನಲ್ಲಿ ಉಳಿದಿದ್ದ ಹರಳೆಣ್ಣೆಯೆಲ್ಲ ಬೆಳ್ಳಗೆ ಹೊಗೆಯಾಗಿ ಬೀದಿ ತುಂಬಿತು. ಎದುರುಮನೆಯವರು ಹೊರಗೆ ಬಂದು, "ಯಾರ ಮನೇಲಮ್ಮಾ ಎಣ್ಣೆ ಸ್ನಾನ?" ಎಂದು ಕೇಳಿದರು. ದೀಪಾವಳಿ ಆಗಲೇ ಕಳೆದಿತ್ತು.

ಸೈಡ್‌ಕಾರ್ ಗಾಡಿ ಓಡಿಸುವುದು ಬೇರೆಯದೇ ವಿದ್ಯೆ. ತೊಟ್ಟಿಲು ಖಾಲಿ ಇದ್ದು ಎಡಕ್ಕೆ ತಿರುಗಿಸಿದರೆ ಅದು ಮೇಲಕ್ಕೇಳುತ್ತದೆ. ಅದಕ್ಕೇ ಅಂಗಡಿಯ ರಾಗಿ ಮೂಟೆಯೊಂದನ್ನು ತೊಟ್ಟಿಲಲ್ಲಿ ಕೂರಿಸಿ ರುದ್ರಪ್ಪನವರಿಗೆ ಕಲಿಸಿದೆ. ಅವರು ಎಡಕ್ಕೆ ತಿರುಗಬೇಕಾದಲ್ಲೆಲ್ಲ ನಿಲ್ಲಿಸಿ, ಇಳಿದು, ತಳ್ಳಿ ತಿರುಗಿಸಿ, ಮತ್ತೆ ಹತ್ತುವರು. "ಹೀಗೇ ಆದ್ರೆ ಮಗು ಶಾಲೆಗೆ ಸೇರೋ ಹೊತ್ತಿಗೆ ಹೆರಿಗೆಗೆ ಹೋಗಿ ಸೇರ್ತೀವಿ" ಎಂದು ನರ್ಸಮ್ಮ ಬೈದರು. ಗಾಡಿಯನ್ನು ಜಯನಗರದಿಂದ ಬನಶಂಕರಿವರೆಗೆ, ಅಲ್ಲಿಂದ ಇನ್ನೂ ಆಚೆಗೆ ಹಲವು ಸಲ ನಾನೇ ಓಡಿಸಿ ನೋಡಿದೆ. ಒಂದು ಸಲವೂ ಕೈಕೊಡಲಿಲ್ಲ. ಸಾಬರು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿ, "ಹೂಂ" ಎಂದರು. ಅದು ಅವರ ಸರ್ಟಿಫಿಕೇಟು.

ಉತ್ತರಹಳ್ಳಿಗೆ ಗಾಡಿ ಮುಟ್ಟಿಸಲು ನಾನೇ ಹೋದೆ. ಅಂಗಡಿ ಮುಂದೆ ರಂಗೋಲಿ ಬಿಟ್ಟಿತ್ತು. ಬಸಮ್ಮನವರು ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಕಾಯುತ್ತಿದ್ದರು. ಯಜಮಾನರ ಗಾಡಿ ಸದ್ದು ಮಾಡಿಕೊಂಡು ಬಂದದ್ದನ್ನು ಕಂಡು ಆಕೆಯ ಕಣ್ಣಲ್ಲಿ ನೀರು. ಟ್ಯಾಂಕಿನ ಮೇಲೆ ಮೂರು ಬೆರಳು ಎಳೆದರು, ಉಳಿದದ್ದನ್ನೆಲ್ಲ ಮುಚ್ಚಳದ ಮೇಲೆ ಮೆತ್ತಿ ಕೈಮುಗಿದರು. ಬಾಳೆಹಣ್ಣು, ಪಾಯಸ ಆಯಿತು. ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನನ್ನ ಭಾವ ಸೈಕಲ್ ತುಳಿದುಕೊಂಡು ಬಂದು ಅಂಗಡಿ ಮುಂದೆ ಬಿದ್ದರು. ಉಸಿರು ಹಿಡಿಯಲಾಗದೆ, "ನರ್ಸಮ್ಮಾ, ನೋವು ಶುರುವಾಗಿ ಬಾಳ ಹೊತ್ತಾಯ್ತು" ಎಂದರು.

ರುದ್ರಪ್ಪನವರು ಗಾಡಿ ಹತ್ತಿದರು, ಕೈ ನಡುಗಿ ಹ್ಯಾಂಡಲ್ಲೇ ಗಡಗಡ ಎನ್ನುತ್ತಿತ್ತು. "ಇಳೀರಿ" ಎಂದರು ನರ್ಸಮ್ಮ. "ನಂಜುಂಡಾ, ಹತ್ತು." ರಾಗಿ ಮೂಟೆ ಕೆಳಗಿಳಿಸಿ, ಚೀಲ ಮಡಿಲಲ್ಲಿಟ್ಟುಕೊಂಡು ತೊಟ್ಟಿಲಲ್ಲಿ ಕೂತರು. ಹೊರಟೆವು. ಹೊಲದ ಕೆಲಸದವರು ಕುಡುಗೋಲು ಬಿಟ್ಟು ನೋಡುತ್ತಾ ನಿಂತರು. ಹಳ್ಳ, ಕಲ್ಲು ಯಾವುದನ್ನೂ ನಾನು ಲೆಕ್ಕಿಸಲಿಲ್ಲ. ವಸಂತಪುರದ ದಿಬ್ಬ ಹತ್ತುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯಿತು.

ಹಾರಿ ಇಳಿದೆ. ಪ್ಲಗ್ ಬಿಚ್ಚಿದೆ, ಕರೆಂಟ್ ಇದೆ. ಪೆಟ್ರೋಲ್ ಮುಗಿಯಿತೇ ಎಂದು ಮುಚ್ಚಳ ತೆಗೆದು ನೋಡಿದೆ, ಕುತ್ತಿಗೆವರೆಗೂ ಇದೆ. ಮುಚ್ಚಿ ಕಿಕ್ ಹೊಡೆದೆ. ಹೊತ್ತಿಕೊಂಡಿತು. ಏನೋ ಕಸ ಸಿಕ್ಕಿತ್ತು, ಹೋಯಿತು ಎಂದುಕೊಂಡೆ. ಸ್ವಲ್ಪ ದೂರ ಓಡಿ, ಅಕ್ಕನ ಹಳ್ಳಿಯ ಹುಣಸೇಮರ ಕಣ್ಣಿಗೆ ಬೀಳುವಷ್ಟರಲ್ಲಿ ಮತ್ತೆ ಕೆಮ್ಮಿ ನಿಂತಿತು. ಕಿಕ್ ಹೊಡೆದೆ, ಹೊಡೆದೆ, ಹೊಡೆದೇ ಹೊಡೆದೆ. ಇಲ್ಲ.

"ಏನಾಯ್ತೋ?" ಎಂದರು ನರ್ಸಮ್ಮ.

"ಗೊತ್ತಾಗ್ತಿಲ್ಲ ನರ್ಸಮ್ಮಾ." ಅಕ್ಕನ ಮೂರನೆಯ ಕೂಸೂ ಹೋಗುತ್ತದೆ, ಅದೂ ನನ್ನ ಕೈಯಿಂದಲೇ ಎಂದು ಕಣ್ಣು ಕತ್ತಲಿಟ್ಟಿತು. ನರ್ಸಮ್ಮ ಚೀಲ ಹೆಗಲಿಗೇರಿಸಿ ಇಳಿದರು. "ನಡೀತೀನಿ. ನೀನು ನೋಡು" ಎಂದು ಹೊರಟೇಬಿಟ್ಟರು. ಮರ ಕಾಣುತ್ತಿತ್ತೇ ಹೊರತು ದಾರಿ ಕೆರೆ ಏರಿ ಬಳಸಿಕೊಂಡು ಹೋಗಬೇಕು, ನಡೆದರೆ ಬಹಳ ಹೊತ್ತು.

ಮತ್ತೆ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದೆ. ತಿರುಗಿಸಿದ ಕೂಡಲೇ 'ಉಸ್ಸ್' ಎಂದಿತು. ಯಾರೋ ಉಸಿರು ಒಳಗೆಳೆದುಕೊಂಡ ಹಾಗೆ. ಆಗ ಹೊಳೆಯಿತು! ಆ ಮುಚ್ಚಳದ ನೆತ್ತಿಯಲ್ಲಿ ಸೂಜಿಯಷ್ಟು ಸಣ್ಣ ತೂತಿರುತ್ತದೆ. ಪೆಟ್ರೋಲ್ ಕೆಳಗಿಳಿದ ಹಾಗೆ ಅಲ್ಲಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪೆಟ್ರೋಲ್ ಇಳಿಯುವುದು ನಿಂತು ಎಂಜಿನ್ ಸಾಯುತ್ತದೆ. ಆ ತೂತಿನ ಮೇಲೆ ಬಸಮ್ಮನವರ ವಿಭೂತಿ ಬಿಸಿಲಿಗೆ ಒಣಗಿ ಗಾರೆಯಂತೆ ಕೂತಿತ್ತು. ಗಾಡಿಯ ಉಸಿರು ಕಟ್ಟಿತ್ತು ಅಷ್ಟೇ.

"ನರ್ಸಮ್ಮಾ! ಪಿನ್ನು! ತಲೆ ಪಿನ್ನು!" ಎಂದು ಕೂಗುತ್ತಾ ಓಡಿದೆ. ಆಕೆ ತಿರುಗಿ, ಒಂದು ಮಾತೂ ಕೇಳದೆ ತುರುಬಿನಿಂದ ಪಿನ್ನು ಕಿತ್ತು ಕೊಟ್ಟರು. ಚುಚ್ಚಿದೆ, ಕೆರೆದೆ, ಬಾಯಿಟ್ಟು ಊದಿದೆ. ವಿಭೂತಿಯೆಲ್ಲ ನನ್ನ ಮೂಗು ಮುಖಕ್ಕೆ ಹಾರಿತು. ಕಿಕ್ ಹೊಡೆದೆ, ಗಾಡಿ ಗುಡುಗಿತು. ನರ್ಸಮ್ಮ ಓಡುತ್ತಲೇ ಬಂದು ತೊಟ್ಟಿಲಿಗೆ ಬಿದ್ದರು. ನನ್ನ ಕೈಯಲ್ಲಿದ್ದ ಬಿಳಿ ಹೆಂಟೆಯನ್ನು ನೋಡಿ ಅವರಿಗೆ ಎಲ್ಲ ತಿಳಿದುಹೋಗಿತ್ತು. "ನಮ್ಮತ್ತೆಗೆ ಮಾತ್ರ ಹೇಳ್ಬೇಡ ಕಣೋ" ಎಂದರು.

ಹೇಳಲಿಲ್ಲ. ಆಮೇಲಿನ ಈ ಒಂದು ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನ್ನಿಂದ ವಿಷಯ ಕೇಳಿದ ಸಾಬರು ಉತ್ತರಹಳ್ಳಿಗೆ ಹೋಗಿ, ಹೆಡ್‌ಲೈಟಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಕೂರಿಸಿ, "ಅಮ್ಮಾ, ಗಾಡಿ ಹಣೆ ಇಲ್ಲಿದೆ, ಇನ್ಮೇಲೆ ಇಲ್ಲೇ ಇಡಿ" ಎಂದರಂತೆ. ಬಸಮ್ಮನವರು, "ಹೌದಲ್ಲಾ, ಕಣ್ಣಿನ ಮೇಲೆ ತಾನೇ ಹಣೆ ಇರೋದು, ಮೊದ್ಲೇ ಹೇಳ್ಬಾರ್ದಾ" ಎಂದು ಸಾಬರಿಗೇ ಬೈದರಂತೆ. ರುದ್ರಪ್ಪನವರು ಎಡಕ್ಕೆ ತಿರುಗುವುದನ್ನೂ ಕಲಿತರು. ಬಹಳ ವರ್ಷ ಆ ಗಾಡಿ ಗಂಡನ ಕೈಯಲ್ಲಿ, ಹೆಂಡತಿಯ ಅಪ್ಪಣೆಯಲ್ಲಿ ಓಡಿತು. ಅದರ ಹೊಗೆಯಲ್ಲಿ ಹರಳೆಣ್ಣೆಯ ವಾಸನೆ ಪೂರಾ ಹೋಗಲು ತಿಂಗಳುಗಳೇ ಹಿಡಿದವು. ಹಳ್ಳಿಗಳ ಹೆಂಗಸರು ವಾಸನೆಯಿಂದಲೇ, ನರ್ಸಮ್ಮ ಬಂದ್ರು ಎನ್ನುತ್ತಿದ್ದರು.

ಅವತ್ತು ಅಕ್ಕನ ಮನೆ ಮುಂದೆ ಗಾಡಿ ನಿಲ್ಲುವ ಮೊದಲೇ ನರ್ಸಮ್ಮ ಇಳಿದು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು. ನಾನು ಜಗಲಿಯ ಮೇಲೆ ಕೂತೆ. ಪಿನ್ನು ಇನ್ನೂ ಕೈಯಲ್ಲೇ ಇತ್ತು, ಅದನ್ನು ಬಗ್ಗಿಸಿ ನೆಟ್ಟಗೆ ಮಾಡಿ, ಬಗ್ಗಿಸಿ ನೆಟ್ಟಗೆ ಮಾಡಿ ಮುರಿದೇಬಿಟ್ಟೆ. ಒಳಗಿನಿಂದ ಅಕ್ಕನ ನರಳಾಟ, ನರ್ಸಮ್ಮನ ಗದರಿಕೆ. ಭಾವ ಸೈಕಲ್ಲಿನಲ್ಲಿ ಬಂದು ಸೇರಿದರು. ಆಮೇಲೆ ಒಂದು ಗಳಿಗೆ ಒಳಗೆ ಏನೂ ಸದ್ದಿಲ್ಲ. ಆ ನಿಶ್ಶಬ್ದವನ್ನು ನಾನು ಬದುಕಿನಲ್ಲಿ ಮರೆಯಲಾರೆ. ಅದರ ಹಿಂದೆಯೇ ಒಂದು ಅಳು ಬಂತು. ಸಣ್ಣಗೆ ಶುರುವಾಗಿ, ಉಸಿರು ಎಳೆದುಕೊಂಡು, ಗಟ್ಟಿಯಾಯಿತು. ನಾನು ಮುಖ ಮುಚ್ಚಿಕೊಂಡು ಆ ಕೂಸಿಗಿಂತ ಜೋರಾಗಿ ಅತ್ತೆ.

ನರ್ಸಮ್ಮ ಹೊರಗೆ ಬಂದು ಕೈ ಒರೆಸಿಕೊಂಡರು. "ಹೆಣ್ಣು. ಕುತ್ತಿಗೆಗೆ ಬಳ್ಳಿ ಸುತ್ತಿತ್ತು, ಬಿಡಿಸ್ದೆ. ನಿಮ್ಮಕ್ಕ ಕರೀತಿದಾಳೆ ಹೋಗು. ಮೊದ್ಲು ಕೈ ಮುಖ ತೊಳ್ಕೊ."

ತೊಳೆದುಕೊಂಡು ಒಳಗೆ ಹೋದೆ. ಈ ಸಲ ಅಕ್ಕ ಗೋಡೆ ಕಡೆ ತಿರುಗಿರಲಿಲ್ಲ. ಪಕ್ಕದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೆಂಪು ಮುಖ. ಬೆವರಿನಲ್ಲಿ ತೊಯ್ದ ಕೈಯಿಂದ ನನ್ನ ಕೈ ಹಿಡಿದಳು.

"ನರ್ಸಮ್ಮ ಹೇಳಿದ್ದ ನಿನ್ ಗಾಡಿ ಸದ್ದು ದೂರದಿಂದ್ಲೇ ಕೇಳಿಸ್ತು ಕಣೋ" ಎಂದಳು. "ಆಮೇಲೆ ನಿಂತೋಯ್ತು. ಈ ಸಲಾನೂ ಅಷ್ಟೇ ಅಂದ್ಕೊಂಡು ಕೈ ಬಿಟ್ಬಿಟ್ಟಿದ್ದೆ ನಂಜಾ. ಅಷ್ಟೊತ್ತಿಗೆ ಮತ್ತೆ ಕೇಳಿಸ್ತು. ಬರ್ತಾವ್ನೆ ನನ್ ತಮ್ಮ ಅಂತ ತಡ್ಕೊಂಡೆ."